ಪರ್ಸೆಂಟೈಲ್ ಒಂದೇ ಅಳತೆಗೋಲಲ್ಲ

ಮ್ಯಾನೇಜ್‌ಮೆಂಟ್ ಸಂಸ್ಥೆಗಳಾದ ಐಐಎಂಗಳ ಪ್ರವೇಶ ಪರೀಕ್ಷೆ ಕ್ಯಾಟ್‌ನಲ್ಲಿ 99 ಪರ್ಸೆಂಟೈಲ್ ಬಂದರೆ ಐಐಎಂ ಸೀಟು ಖಚಿತ, ಬಾರದಿದ್ದರೆ ಆಸೆಯನ್ನೇ ಬಿಡಿ ಎಂಬ ಅಭಿಪ್ರಾಯದ ಎರಡು ಭಾಗಗಳೂ ತಪ್ಪು. ಪರ್ಸೆಂಟೈಲ್ ಎಂದರೆ ಅಂಕವಲ್ಲ, ಸಾಲಿನಲ್ಲಿನ ಸ್ಥಾನ. 2024ರಲ್ಲಿ ಪರೀಕ್ಷೆ ಬರೆದವರು ಸುಮಾರು 2.93 ಲಕ್ಷ; 99 ಪರ್ಸೆಂಟೈಲ್ ಪಡೆದವರ ಮುಂದೆಯೂ ಹೆಚ್ಚುಕಡಿಮೆ ಮೂರು ಸಾವಿರ ಮಂದಿ ನಿಂತಿರುತ್ತಾರೆ. ಜೊತೆಗೆ ಪರೀಕ್ಷೆಯ ಮೂರೂ ವಿಭಾಗಗಳಲ್ಲಿ ಪ್ರತ್ಯೇಕ ಕನಿಷ್ಠ ಮಟ್ಟ ದಾಟಬೇಕು. ಬೆಂಗಳೂರಿನ ಐಐಎಂ ಅಂತೂ ಸಂದರ್ಶನಕ್ಕೆ ಕರೆಯುವ ಹಂತದಲ್ಲೇ ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕಗಳನ್ನೂ ತೂಗುತ್ತದೆ. ಇತ್ತ ಹಲವು ಹೊಸ ಐಐಎಂಗಳು ಜಂಟಿ ಪ್ರವೇಶ ಪ್ರಕ್ರಿಯೆಯಲ್ಲಿ 99ಕ್ಕಿಂತ ಕೆಳಗಿನವರನ್ನೂ ಕರೆಯುತ್ತವೆ.

ಹತ್ತನೇ ತರಗತಿಯಲ್ಲಿ, ಹದಿನೈದರ ವಯಸ್ಸಿನಲ್ಲಿ ಪಡೆದ ಅಂಕ ಮುಂದಿನ ಬದುಕನ್ನು ನಿರ್ಧರಿಸಬಾರದು, ಹಳ್ಳಿ ಶಾಲೆಯ ಮಕ್ಕಳಿಗೆ ಅದು ಹೊರೆ ಎಂಬ ಆಕ್ಷೇಪವಿದೆ. ನ್ಯಾಯವಾದ ಮಾತೇ; ಆ ನಿಯಮದ ವಿರುದ್ಧ ವಾದಿಸೋಣ. ಆದರೆ ನಿಯಮ ಇರುವಷ್ಟು ಕಾಲ ಅದನ್ನು ಮರೆಮಾಚಿ ಭರವಸೆ ಹಂಚುವುದು ಅದೇ ಮಕ್ಕಳಿಗೆ ಮಾಡುವ ಇನ್ನೂ ದೊಡ್ಡ ಅನ್ಯಾಯ. ಸಾಲ ಮಾಡಿ ಕೋಚಿಂಗ್ ಶುಲ್ಕ ಕಟ್ಟುವ ಮನೆಗಳಿಗೆ ಪೂರ್ತಿ ಲೆಕ್ಕ ತಿಳಿಯಬೇಕು. ಐಐಎಂಗಳು ತಮ್ಮ ಪ್ರವೇಶ ನೀತಿಯನ್ನು ಪ್ರತಿವರ್ಷ ಪ್ರಕಟಿಸುತ್ತವೆ. ಹಣ ಕಟ್ಟುವ ಮುನ್ನ ದಯವಿಟ್ಟು ಅದನ್ನು ಓದಿ.