ಆರೋಗ್ಯ ವಿಚಾರ: ಆಟಗಾರರ ಕಾಲಿನ ಬೊಕ್ಕೆ

ಬೆಂಗಳೂರಿನ ಉತ್ತರ ಭಾಗದಲ್ಲಿರುವ ಮತ್ತಿಕೆರೆಯ ಜಯಪ್ರಕಾಶ ನಾರಾಯಣ ಉದ್ಯಾನವನ್ನು ಬೆಳಗಿನ ಆರು ಗಂಟೆಯ ಹೊತ್ತಿಗೆ ಹೊಕ್ಕು ನೋಡಿದವರಿಗೆ, ಈಗಿನ ಜನರಲ್ಲಿ ವ್ಯಾಯಾಮದ ಆಸಕ್ತಿಯು ಎಷ್ಟರ ಮಟ್ಟಿಗೆ ಬೆಳೆದಿದೆಯೆಂಬುದು ತಾನಾಗಿಯೇ ತಿಳಿಯುವುದು. ವೃದ್ಧರು ನಡೆಯುತ್ತಾರೆ, ತರುಣರು ಓಡುತ್ತಾರೆ, ಸುತ್ತಣ ಬೀದಿಗಳಲ್ಲಿ ಹುಡುಗರು ಕ್ರಿಕೆಟ್ಟನ್ನೋ ಷಟಲ್ ಆಟವನ್ನೋ ಹೂಡಿರುತ್ತಾರೆ. ಇವರೆಲ್ಲರಿಗೂ ಸಾಮಾನ್ಯವಾದ ಪೀಡೆಯೊಂದುಂಟು. ಹೊಸ ಬೂಟು ಕೊಂಡ ವಾರದಲ್ಲಿ, ಇಲ್ಲವೆ ಮಳೆಗೆ ಕಾಲುಚೀಲ ನೆನೆದ ದಿನದಲ್ಲಿ, ಹಿಮ್ಮಡಿಯ ಮೇಲೋ ಕಿರುಬೆರಳಿನ ಮಗ್ಗುಲಲ್ಲೋ ಏಳುವ ನೀರುಗುಳ್ಳೆಯೇ ಅದು. ಕೆಲವರು ಇದನ್ನು ಬೊಕ್ಕೆಯೆನ್ನುವರು, ಕೆಲವರು ಬೊಬ್ಬೆಯೆನ್ನುವರು. ಇಷ್ಟು ಅಲ್ಪ ವಿಷಯಕ್ಕೆ ಪತ್ರಿಕೆಯಲ್ಲಿ ಸ್ಥಳವೇಕೆಂದು ವಾಚಕ ಮಹಾಶಯರು ಕೇಳಬಹುದು.

೧೯೨೪ನೆಯ ಇಸವಿ ಜೂನ್ ೩೦ರಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜರ ಕಿರಿಯ ಮಗನು ಶ್ವೇತಭವನದ ಅಂಗಣದಲ್ಲಿ ಅಣ್ಣನೊಡನೆ ಟೆನ್ನಿಸ್ ಆಡಿದನು. ಅವನಿಗೆ ಆಗ ಹದಿನಾರು ವರ್ಷ. ಕಾಲುಚೀಲವಿಲ್ಲದೆ ಬರಿಯ ಬೂಟನ್ನು ಮೆಟ್ಟಿದ್ದುದರಿಂದ ಕಾಲ್ಬೆರಳಿನ ಮೇಲೆ ಒಂದು ಬೊಕ್ಕೆ ಎದ್ದಿತು. ಹುಡುಗನು ಅದನ್ನು ಲಕ್ಷಿಸಲಿಲ್ಲ. ಅದರೊಳಗೆ ಹೊಕ್ಕ ಕ್ರಿಮಿಗಳ ನಂಜು ರಕ್ತಕ್ಕೇರಿತು. ದೇಶದ ಶ್ರೇಷ್ಠ ವೈದ್ಯರು ಸುತ್ತ ನಿಂತಿದ್ದರೂ ಜುಲೈ ೭ರಂದು ಬಾಲಕನು ತೀರಿಕೊಂಡನು. ಅಲೆಕ್ಸಾಂಡರ್ ಫ್ಲೆಮಿಂಗರು ಪೆನಿಸಿಲಿನ್ನನ್ನು ಕಂಡುಹಿಡಿದುದು ೧೯೨೮ರಲ್ಲಿ. ಈಗ ಅಂತಹ ಸಾವು ಬಲು ಅಪರೂಪವೆಂಬುದೇನೋ ದಿಟ. ಆದರೂ ನಮ್ಮ ಮನೆಗಳಲ್ಲಿಯೇ ಒಂದು ವರ್ಗದ ಜನರಿಗೆ ಈ ಸಣ್ಣ ಗುಳ್ಳೆಯು ಇಂದಿಗೂ ಸಣ್ಣದಲ್ಲ. ಆ ಮಾತನ್ನು ಮುಂದೆ ಹೇಳುವೆನು.

ಬೊಕ್ಕೆ ಏಳುವ ಬಗೆಯನ್ನು ತಿಳಿಯಲು ಸುಲಭವಾದ ಉಪಾಯವಿದೆ. ಎಡಗೈಯ ಹಿಂಭಾಗದ ಮೇಲೆ ಬಲಗೈಯ ಬೆರಳ ತುದಿಯನ್ನು ಒತ್ತಿ, ಬೆರಳು ಜಾರದಂತೆ ಹಿಂದಕ್ಕೂ ಮುಂದಕ್ಕೂ ಎಳೆದು ನೋಡಿರಿ. ತೊಗಲು ಬೆರಳೊಡನೆ ಬರುವುದು. ಒಳಗಿನ ಎಲುಬು ಇದ್ದಲ್ಲಿಯೇ ಇರುವುದು. ಬೂಟಿನೊಳಗೂ ಹೀಗೆಯೇ. ತೊಗಲು ಕಾಲುಚೀಲಕ್ಕೆ ಅಂಟಿ ನಿಲ್ಲುತ್ತದೆ, ಎಲುಬು ಮುಂದಕ್ಕೆ ಸರಿಯುತ್ತದೆ, ನಡುವಣ ಪದರಗಳು ಎಳೆತಕ್ಕೆ ಸಿಕ್ಕುತ್ತವೆ. ಒಂದು ಗಂಟೆಯ ಓಟದಲ್ಲಿ ಈ ಎಳೆತವು ಸಾವಿರಾರು ಬಾರಿ ನಡೆಯಲಾಗಿ, ಹೊರತೊಗಲಿನೊಳಗೆ ಒಂದು ಸೀಳು ಬಿಡುತ್ತದೆ. ಆ ಸೀಳಿನಲ್ಲಿ ನೀರು ತುಂಬುತ್ತದೆ. ತೊಗಲು ತೆಳುವಾಗಿರುವ ಕಡೆಯಲ್ಲಾದರೆ ಅದು ತರಚಿಹೋಗುವುದು. ಅಂಗಾಲು ಹಿಮ್ಮಡಿಗಳಲ್ಲಿ ಮೇಲ್ಪದರವು ದಪ್ಪವಾಗಿರುವುದರಿಂದ ಹರಿಯದೆ ಉಬ್ಬಿ ನಿಲ್ಲುವುದು. ಷಟಲ್ ಮೊದಲಾದ ಆಟಗಳಲ್ಲಿ ಓಡಿ ಥಟ್ಟನೆ ನಿಲ್ಲುವುದೂ ಮಗ್ಗುಲಿಗೆ ತಿರುಗುವುದೂ ಹೆಚ್ಚಾದುದರಿಂದ, ನೆಟ್ಟಗೆ ಓಡುವವನಿಗಿಂತ ಆ ಆಟಗಾರನ ಮುಂಗಾಲಿಗೆ ಎಳೆತ ಹೆಚ್ಚು.

ಇದಿಷ್ಟು ತಿಳಿದರೆ ಬೂಟಿನ ವಿಷಯದಲ್ಲಿ ನಮ್ಮ ಗೃಹಸ್ಥರು ಮಾಡುವ ಒಂದು ಮಿತವ್ಯಯವು ಎಷ್ಟು ದುಬಾರಿಯೆಂಬುದು ಗೊತ್ತಾಗುವುದು. ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ, ಮುಂದಿನ ವರ್ಷಕ್ಕೂ ಆಗಲೆಂದು ಮಗುವಿಗೆ ಒಂದು ಅಳತೆ ದೊಡ್ಡ ಬೂಟನ್ನು ಕೊಡಿಸುವರು. ಇಲ್ಲವೆ ಅಣ್ಣನ ಕಾಲಿಗೆ ತಕ್ಕಂತೆ ಅಚ್ಚಾಗಿ ಸವೆದ ಜೋಡನ್ನು ತಮ್ಮನಿಗೆ ತೊಡಿಸುವರು. ಲಂಗವನ್ನೂ ಷರಟನ್ನೂ ಹಾಗೆ ಹೊಲಿಸಿದರೆ ಬಾಧೆಯಿಲ್ಲ. ದೊಡ್ಡ ಬೂಟಿನೊಳಗೆ ಕಾಲು ಕಣದಲ್ಲಿ ಕಾಳಿನಂತೆ ಉರುಳಾಡುವುದು. ಬಿಗಿಯಾದುದೂ ಬೇಡ. ನಿಂತಾಗ ಎಲ್ಲಕ್ಕಿಂತ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಎಡೆಯಿದ್ದು, ಹಿಮ್ಮಡಿ ಮಾತ್ರ ಮೇಲಕ್ಕೆ ಏಳದಂತಿರಬೇಕು. ದಿನವೆಲ್ಲ ಓಡಾಡಿದ ಕಾಲು ಕೊಂಚ ಊದಿಕೊಳ್ಳುವುದರಿಂದ ಬೂಟನ್ನು ಸಂಜೆಯಲ್ಲಿ ಕೊಳ್ಳತಕ್ಕದ್ದು; ಆಟಕ್ಕೆ ಧರಿಸುವ ಕಾಲುಚೀಲವನ್ನೇ ತೊಟ್ಟು ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದು ನೋಡತಕ್ಕದ್ದು. ಬೆಂಗಳೂರಿನಲ್ಲಿ ೨೦೦೮ರಿಂದ ನಡೆದುಬಂದಿರುವ ಹತ್ತು ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟವರಲ್ಲಿ ಕೆಲವರು, ಉತ್ಸಾಹಾತಿಶಯದಿಂದ ಹಿಂದಿನ ದಿನ ಕೊಂಡ ಬೂಟಿನಲ್ಲಿಯೇ ಓಡಲು ಹೊರಡುವರು. ಮದುವೆಯ ದಿನವೇ ಹೆಣ್ಣನ್ನು ಮೊದಲು ನೋಡುವ ಕಾಲವೂ ಹೋಯಿತಲ್ಲ! ಹೊಸ ಬೂಟನ್ನು ಮೊದಲು ಮನೆಯೊಳಗೆ, ಬಳಿಕ ಸಣ್ಣ ನಡಿಗೆಗಳಲ್ಲಿ ಎರಡು ಮೂರು ವಾರ ಪಳಗಿಸಬೇಕು.

ಬೆವರಿನಿಂದ ತುಸು ಒದ್ದೆಯಾದ ತೊಗಲು ಒಣ ತೊಗಲಿಗಿಂತ ಗಟ್ಟಿಯಾಗಿ ಅಂಟುತ್ತದೆ. ಎಳೆತವೂ ಅಷ್ಟೇ ಬಲವಾಗುತ್ತದೆ. ನೂಲಿನ ಬಟ್ಟೆಯೇ ಮೈಗೆ ಹಿತವೆಂಬುದು ನಮ್ಮ ಸೀಮೆಯವರ ಹಳೆಯ ನಂಬಿಕೆ. ಅಂಗಿಯ ಮಟ್ಟಿಗೆ ನಾನೂ ಒಪ್ಪುವೆನು. ಆದರೆ ನೂಲಿನ ಕಾಲುಚೀಲವು ಬೆವರನ್ನು ಹೀರಿ ತನ್ನಲ್ಲಿಯೇ ಇಟ್ಟುಕೊಳ್ಳುವುದು. ಓಟಗಾರರ ಮೇಲೆ ನಡೆಸಿ ೧೯೯೦ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ ನೂಲಿನ ಚೀಲಕ್ಕಿಂತ ಅಕ್ರಿಲಿಕ್ ಎಳೆಯ ಚೀಲವನ್ನು ಧರಿಸಿದವರಿಗೆ ಬೊಕ್ಕೆಗಳು ಕಡಮೆಯಾಗಿಯೂ ಚಿಕ್ಕವಾಗಿಯೂ ಕಂಡುಬಂದುವು. ಒಳಗೊಂದು ತೆಳುವಾದ ಚೀಲ, ಮೇಲೊಂದು ದಪ್ಪ ಚೀಲ ತೊಟ್ಟರೆ, ಜಾರಾಟವು ತೊಗಲಿಗೆ ತಾಗದೆ ಚೀಲಗಳ ನಡುವೆಯೇ ಮುಗಿಯುವುದು. ದೀರ್ಘಕಾಲದ ಆಟವಾದರೆ ನಡುವೆ ಚೀಲವನ್ನು ಬದಲಾಯಿಸುವುದು ಲೇಸು. ಕಾಲಿಗೆ ಪೌಡರನ್ನು ಎರಚಿಕೊಳ್ಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಬೆವರಿಗೆ ಅದು ಹಿಟ್ಟಿನಂತೆ ಉಂಡೆಗಟ್ಟುವುದು. ವ್ಯಾಸಲೀನಿನಂತಹ ಜಿಡ್ಡು ಮೊದಲ ಒಂದು ಗಂಟೆ ಒಳ್ಳೆಯ ಕೆಲಸ ಮಾಡುವುದು. ಅನಂತರ ಅದರ ಜಾರುಗುಣವು ಕುಂದುವುದರಿಂದ ಮತ್ತೆ ಹಚ್ಚಬೇಕು.

ಇನ್ನು ಮುಖ್ಯ ವಿಷಯ. ಬೊಕ್ಕೆಯು ಹೇಳದೆ ಕೇಳದೆ ಬರುವುದಿಲ್ಲ. ಮೊದಲು ಆ ಜಾಗ ಬಿಸಿಯಾಗುವುದು, ಚುರುಚುರು ಎನ್ನುವುದು, ಕೆಂಪಾಗುವುದು. ಆ ಹೊತ್ತಿನಲ್ಲಿ ಆಟವನ್ನು ಐದು ನಿಮಿಷ ನಿಲ್ಲಿಸಿ, ಚೀಲದ ಮಡಿಕೆಯನ್ನು ಸರಿಪಡಿಸಿ, ದಾರವನ್ನು ಬಿಗಿದು, ಆ ಜಾಗಕ್ಕೆ ಅಂಟುಪಟ್ಟಿಯನ್ನು ಹಚ್ಚಿದರೆ ಕೆಲಸ ಮುಗಿಯಿತು. ಪಂದ್ಯ ಮುಗಿಯಲೆಂದು ಹಲ್ಲು ಕಚ್ಚಿದವನು ವಾರವೆಲ್ಲ ಕುಂಟುವನು. ಪಟ್ಟಿಯೂ ಬೆಲೆಯದಾಗಬೇಕಿಲ್ಲ. ಮರುಭೂಮಿಗಳಲ್ಲಿ ಹಲವು ದಿನ ಓಡುವ ಓಟಗಾರರ ಕಾಲುಗಳನ್ನು ಅಮೆರಿಕಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಪರೀಕ್ಷಿಸಿ, ಔಷಧದ ಅಂಗಡಿಯಲ್ಲಿ ದೊರೆಯುವ ಸಾಧಾರಣ ಕಾಗದದ ಅಂಟುಪಟ್ಟಿಯನ್ನು ಮೊದಲೇ ಹಚ್ಚಿದ ಕಡೆಗಳಲ್ಲಿ ಬೊಕ್ಕೆಗಳು ನೂರಕ್ಕೆ ೪೦ರಷ್ಟು ಕಡಮೆಯಾದುವೆಂದು ೨೦೧೬ರಲ್ಲಿ ಪ್ರಕಟಿಸಿದರು. ಹಿಂದೆ ಎಲ್ಲಿ ಬೊಕ್ಕೆ ಎದ್ದಿತ್ತೋ ಅಲ್ಲಿಯೇ ಮತ್ತೆ ಏಳುವ ಸಂಭವ ಹೆಚ್ಚಾದುದರಿಂದ, ಆಟಕ್ಕೆ ಹೊರಡುವ ಮುನ್ನ ಆ ಜಾಗಕ್ಕೆ ಪಟ್ಟಿ ಹಚ್ಚಿದರೆ ಸಾಕು.

ನಮ್ಮ ಹಿರಿಯರು ಬರಿಗಾಲಿನಲ್ಲಿಯೇ ಆಡಲಿಲ್ಲವೇ ಎಂದು ಕೇಳುವವರುಂಟು. ಆಡಿದರು, ಚೆನ್ನಾಗಿಯೇ ಆಡಿದರು. ೧೯೪೮ರ ಲಂಡನ್ ಒಲಿಂಪಿಕ್ ಕೂಟದಲ್ಲಿ ಫ್ರಾನ್ಸಿನವರನ್ನು ಎದುರಿಸಿದ ಭಾರತದ ಕಾಲ್ಚೆಂಡಿನ ತಂಡದಲ್ಲಿ ಬಹುಮಂದಿ ಬರಿಗಾಲಿನವರು. ಅಂದು ಭಾರತಕ್ಕೆ ದೊರೆತ ಒಂದೇ ಒಂದು ಗೋಲನ್ನು ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹಮದ್ ಖಾನರೂ ಆ ಕಾಲದವರೇ. ಅವರ ಕಾಲು ಎಳೆತನದಿಂದಲೂ ಮಣ್ಣನ್ನು ಮೆಟ್ಟಿ ಗಟ್ಟಿಯಾದುದು. ಅದರ ಮೇಲೂ ಬಟ್ಟೆಯ ಪಟ್ಟಿಯನ್ನು ಸುತ್ತಿಕೊಂಡು ಕಣಕ್ಕಿಳಿಯುತ್ತಿದ್ದರು. ವರ್ಷವಿಡೀ ಮೆತ್ತನೆಯ ಬೂಟಿನಲ್ಲಿರುವ ನಮ್ಮ ಮಕ್ಕಳನ್ನು ಬೇಸಗೆಯ ರಜೆಯಲ್ಲಿ ಒಮ್ಮೆಗೇ ಕಾದ ಸಿಮೆಂಟಿನ ಮೇಲೆ ಖೋ ಖೋ ಆಡಲು ಬಿಡುವುದು ಬೇರೆ ಮಾತು. ತೊಗಲು ಗಟ್ಟಿಯಾಗುವುದು ದಿನದಿನವೂ ಸ್ವಲ್ಪಸ್ವಲ್ಪವಾಗಿ.

ಬೊಕ್ಕೆ ಎದ್ದೇ ಎದ್ದರೆ, ಚಿಕ್ಕದಾದುದನ್ನು ಮುಟ್ಟದೆ ಮೇಲೊಂದು ಪಟ್ಟಿ ಹಾಕಿ ಬಿಡುವುದು. ದೊಡ್ಡದಾಗಿ ಬಿಗಿದು ನೋಯುತ್ತಿದ್ದರೆ, ಕೈಯನ್ನೂ ಗುಳ್ಳೆಯನ್ನೂ ಸಾಬೂನಿನಿಂದ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರನ್ನು ಮೆಲ್ಲಗೆ ಒತ್ತಿ ತೆಗೆಯಬಹುದು. ಮೇಲಿನ ತೊಗಲನ್ನು ಮಾತ್ರ ಕತ್ತರಿಸಲಾಗದು. ಅದಕ್ಕಿಂತ ಒಳ್ಳೆಯ ಪಟ್ಟಿಯನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಸುಣ್ಣ, ಹಲ್ಲಿನ ಪೇಸ್ಟು, ಒಲೆಯ ಬೂದಿ ಇವುಗಳನ್ನು ಮೆತ್ತುವ ಪದ್ಧತಿಯನ್ನು ಅಜ್ಜಿಯರು ದಯವಿಟ್ಟು ಬಿಡಬೇಕು. ಸುತ್ತಲೂ ಕೆಂಪು ಹರಡಿದರೆ, ಕೀವು ಕಂಡರೆ, ಕೆಂಪು ಗೆರೆಯೊಂದು ಮೇಲಕ್ಕೆ ಹತ್ತಿದರೆ, ಜ್ವರ ಬಂದರೆ, ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಮೇಲೆ ಹೇಳಿದ ಆ ವರ್ಗದವರು ಮಧುಮೇಹಿಗಳು. ಇವರಲ್ಲಿ ಅನೇಕರು ವೈದ್ಯರ ಮಾತಿನಂತೆಯೇ ಬೆಳಗಿನ ನಡಿಗೆಗೆ ಹೊರಟವರು. ರೋಗವು ಹಳೆಯದಾದಂತೆ ಅಂಗಾಲಿನ ನರಗಳು ಮೊಂಡಾಗುವುವು, ರಕ್ತಸಂಚಾರವೂ ಕುಗ್ಗುವುದು. ಅವರಿಗೆ ಬೊಕ್ಕೆಯ ನೋವೇ ತಿಳಿಯದು. ಬಿಸಿಯೂ ಚುರುಚುರುವೂ ತಿಳಿಯದು. ನೋಯದ ಗುಳ್ಳೆಯ ಮೇಲೆ ನಾಲ್ಕು ದಿನ ನಡೆದು ಹುಣ್ಣಾಗಿ, ಹುಣ್ಣು ಮಾಯದೆ ಬೆರಳನ್ನೇ ಕಳೆದುಕೊಂಡವರಿದ್ದಾರೆ. ಆದುದರಿಂದ ಇವರು ಸೂಜಿಯನ್ನು ಮುಟ್ಟದೆ, ಎಷ್ಟೇ ಚಿಕ್ಕ ಬೊಕ್ಕೆಯನ್ನಾದರೂ ವೈದ್ಯರಿಗೆ ತೋರಿಸಬೇಕು. ಬೂಟಿನೊಳಗೆ ಕೈಯಿಟ್ಟು ಕಲ್ಲುಹರಳು ಇದೆಯೇ ಎಂದು ನೋಡಿ ಮೆಟ್ಟಬೇಕು. ಮನೆಗೆ ಬಂದೊಡನೆ ಬೆರಳ ಸಂದುಗಳನ್ನೂ ಅಂಗಾಲನ್ನೂ ಬೆಳಕಿನಲ್ಲಿ ಪರೀಕ್ಷಿಸಬೇಕು. ಬಗ್ಗಲಾರದವರು ನೆಲದ ಮೇಲೆ ಕನ್ನಡಿಯನ್ನಿಟ್ಟು ನೋಡಿಕೊಳ್ಳಬಹುದು. ಕಣ್ಣು ಮಂದವಾಗಿದ್ದರೆ ಮನೆಯ ಮಕ್ಕಳಲ್ಲೊಬ್ಬರಿಗೆ ಈ ಕೆಲಸವನ್ನು ದಿನವೂ ವಹಿಸಬಹುದು.