ಅವಲಂಬಿತರು ಯಾರು?

ಕೆಲವು ಪದಗಳು ಕಿವಿಗೆ ಬಿದ್ದೊಡನೆ ಕೀಳರಿಮೆಯನ್ನು ಹುಟ್ಟಿಸುತ್ತವೆ. 'ಅವಲಂಬನೆ' ಅಂಥ ಪದಗಳಲ್ಲಿ ಒಂದು. ಒಬ್ಬನು ಇತರರನ್ನು ಅವಲಂಬಿಸಿದ್ದಾನೆ ಎಂದರೆ ಸಾಕು, ಅವನು ಅಶಕ್ತನೆಂದೋ ಸೋಮಾರಿಯೆಂದೋ ಜನರು ತಿಳಿಯುತ್ತಾರೆ. 'ಸ್ವಾವಲಂಬಿ' ಎಂದರೆ ತಲೆದೂಗುತ್ತಾರೆ. ಈ ಎರಡು ತೀರ್ಪುಗಳೂ ಅವಸರದವು. ಪದದ ಮೂಲವನ್ನೂ ಬಾಳಿನ ರೀತಿಯನ್ನೂ ಕೂಡಿಸಿ ನೋಡಿದರೆ ಬೇರೆಯೇ ಸತ್ಯವು ಗೋಚರಿಸುತ್ತದೆ.

'ಅವಲಂಬನೆ' ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದ. 'ಲಂಬ್' ಧಾತುವಿಗೆ ತೂಗು, ಜೋಲು ಎಂಬ ಅರ್ಥವಿದೆ. 'ಅವ' ಎಂಬ ಉಪಸರ್ಗಕ್ಕೆ ಕೆಳಗೆ ಎಂಬ ಅರ್ಥವಿದೆ. ಮೇಲಿನ ಆಧಾರವೊಂದನ್ನು ಹಿಡಿದು ಕೆಳಗೆ ತೂಗುವುದೇ ಅವಲಂಬನೆ. ರೇಖಾಗಣಿತದ 'ಲಂಬ'ವೂ ಇದೇ ಧಾತುವಿನಿಂದ ಹುಟ್ಟಿದುದು. ದಾರದ ತುದಿಗೆ ಗುಂಡೊಂದನ್ನು ಕಟ್ಟಿ ಇಳಿಬಿಟ್ಟರೆ ಆ ದಾರವು ನೆಲಕ್ಕೆ ಲಂಬವಾಗಿ ನಿಲ್ಲುತ್ತದೆಯಷ್ಟೆ. ಹೊತ್ತಿಗೆ ಸರಿಯಾಗಿ ನಡೆಯದೆ ಹಿಂದೆ ಜೋಲುವುದು 'ವಿಳಂಬ'. ಆಧಾರವೇ ಇಲ್ಲದುದು 'ನಿರಾಲಂಬ'. ಇಂಗ್ಲಿಷಿನ 'ಡಿಪೆಂಡೆನ್ಸಿ' ಎಂಬ ಪದವು ಲ್ಯಾಟಿನ್ ಭಾಷೆಯಿಂದ ಬಂದಿದೆ. ಅಲ್ಲಿಯೂ 'ಡಿ' ಎಂದರೆ ಕೆಳಗೆ, 'ಪೆಂಡೆರೆ' ಎಂದರೆ ತೂಗು. ಧಾತುಗಳು ಬೇರೆಯಾದರೂ ಎರಡು ಭಾಷೆಗಳು ಕಂಡ ಚಿತ್ರ ಒಂದೇ. ಆ ಚಿತ್ರದಲ್ಲಿ ನಿಂದೆಯ ಲೇಶವೂ ಇಲ್ಲ.

'ಸ್ವ', 'ಪರ', 'ಪರಸ್ಪರ' ಎಂಬ ಪದಗಳೊಡನೆ 'ಅವಲಂಬನೆ' ಸೇರಿದಾಗ ಸವರ್ಣದೀರ್ಘ ಸಂಧಿಯಾಗಿ ಸ್ವಾವಲಂಬನೆ, ಪರಾವಲಂಬನೆ, ಪರಸ್ಪರಾವಲಂಬನೆ ಎಂಬ ರೂಪಗಳು ಸಿದ್ಧವಾಗುತ್ತವೆ. ಇವಲ್ಲದೆ ನೆರೆಹೊರೆಯ ಪದಗಳೂ ಹಲವು ಉಂಟು. ರಕ್ಷಣೆಯನ್ನು ನೀಡುವುದು 'ಆಶ್ರಯ'. ಅದರ ತದ್ಭವವೇ 'ಆಸರೆ'. ಮತ್ತೊಬ್ಬರ ಅಧಿಕಾರಕ್ಕೆ ಒಳಪಟ್ಟುದು 'ಅಧೀನ'. ಬಿಡಲಾಗದಂತೆ ಅಂಟಿಕೊಂಡ ಕೆಟ್ಟ ಚಟವು 'ವ್ಯಸನ'. ಪರರಾಜ್ಯದ ಹಿಡಿತದಲ್ಲಿರುವ ನಾಡಿಗೂ, ಮದ್ಯವಿಲ್ಲದೆ ಬದುಕಲಾರದವನ ಸ್ಥಿತಿಗೂ ಇಂಗ್ಲಿಷು 'ಡಿಪೆಂಡೆನ್ಸಿ' ಎಂಬ ಒಂದೇ ಪದವನ್ನು ಬಳಸುವುದುಂಟು. ಕನ್ನಡವಾದರೋ ಇವುಗಳನ್ನು ಬೇರೆ ಬೇರೆಯಾಗಿ ಹೆಸರಿಸುತ್ತದೆ. ಆಸರೆಯನ್ನು ಅಧೀನತೆಯೆಂದೂ, ಅವಲಂಬನೆಯನ್ನು ಸೋಮಾರಿತನವೆಂದೂ ಕರೆಯುವವನು ಭಾಷೆಗೆ ಮಾತ್ರವಲ್ಲ, ಮನುಷ್ಯರಿಗೂ ಅನ್ಯಾಯ ಮಾಡುತ್ತಾನೆ.

ಸಸ್ಯಲೋಕವು ಈ ಭೇದವನ್ನು ಚೆನ್ನಾಗಿ ತಿಳಿಸುತ್ತದೆ. ಮಾವಿನ ಕೊಂಬೆಯಲ್ಲಿ ಬೆಳೆಯುವ ಬಂದಳಿಕೆಯು ಆ ಮರದ ರಸವನ್ನೇ ಹೀರುತ್ತದೆ. ಮಲೆನಾಡಿನ ಕರಿಮೆಣಸಿನ ಬಳ್ಳಿಯೂ ಅಡಕೆಯ ಮರವನ್ನು ಹಿಡಿದೇ ಮೇಲೇರುತ್ತದೆ. ಆದರೆ ತನ್ನ ಆಹಾರವನ್ನು ತನ್ನ ಬೇರಿನಿಂದ, ತನ್ನ ಎಲೆಯಿಂದ ಗಳಿಸುತ್ತದೆ. ಎರಡೂ ಅವಲಂಬಿಗಳೇ. ಒಂದು ಆಸರೆಯನ್ನು ಕ್ಷೀಣಿಸುತ್ತದೆ. ಇನ್ನೊಂದು ಆಸರೆಯೊಡನೆ ಬಾಳುತ್ತದೆ.

ಮನುಷ್ಯರ ಬಾಳಿನಲ್ಲಿ ಇದರ ನಿದರ್ಶನವನ್ನು ಕಾಣಲು ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಎಲೆಕ್ಟ್ರಾನಿಕ್ ಸಿಟಿಗೆ ಹೋಗಬೇಕು. ೧೯೭೬ರಲ್ಲಿ ಸ್ಥಾಪನೆಯಾದ ಕಿಯೋನಿಕ್ಸ್ ಸಂಸ್ಥೆಯ ಮೊದಲ ಅಧ್ಯಕ್ಷರಾದ ಆರ್. ಕೆ. ಬಾಳಿಗರ ಕನಸಿನ ಫಲ ಅದು. ೧೯೭೮ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲದಲ್ಲಿ ಅದಕ್ಕೆ ತಳಹದಿ ಬಿದ್ದಿತು. ಇಂದು ಅಲ್ಲಿ ಕಂಪ್ಯೂಟರುಗಳಿಗೆ ತಂತ್ರಾಂಶವನ್ನು ರಚಿಸುವ ಸಹಸ್ರಾರು ಇಂಜಿನಿಯರುಗಳು 'ಡಿಪೆಂಡೆನ್ಸಿ' ಎಂಬ ಪದವನ್ನು ದಿನವೂ ನುಡಿಯುತ್ತಾರೆ. ಒಂದು ತಂತ್ರಾಂಶವು ತನ್ನ ಕೆಲಸಕ್ಕಾಗಿ ಬೇರೊಂದು ತಂತ್ರಾಂಶವನ್ನು ಬಳಸಿದರೆ ಅದು ಅದರ 'ಡಿಪೆಂಡೆನ್ಸಿ'. ಇದನ್ನು ಯಾರೂ ನಾಚಿಕೆಯೆಂದು ಬಚ್ಚಿಡುವುದಿಲ್ಲ. ಯಾವುದು ಯಾವುದನ್ನು ಅವಲಂಬಿಸಿದೆ ಎಂದು ಪಟ್ಟಿ ಮಾಡಿ ಬರೆದಿಡುತ್ತಾರೆ.

ಆ ಪಟ್ಟಿಯ ಮಹತ್ವವು ೨೦೧೬ರ ಮಾರ್ಚ್ ತಿಂಗಳಲ್ಲಿ ಲೋಕಕ್ಕೆ ತಿಳಿಯಿತು. 'ಲೆಫ್ಟ್ ಪ್ಯಾಡ್' ಎಂಬುದು ಕೇವಲ ೧೧ ಸಾಲುಗಳ ಒಂದು ತಂತ್ರಾಂಶ. ಅಕ್ಷರಗಳ ಸಾಲಿನ ಎಡಬದಿಯನ್ನು ತುಂಬುವುದಷ್ಟೇ ಅದರ ಕೆಲಸ. ಅದನ್ನು ಬರೆದವನು ಒಂದು ವಿವಾದದಿಂದ ಬೇಸತ್ತು, ಅದನ್ನು ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದ್ದ ಭಂಡಾರದಿಂದ ಹಿಂತೆಗೆದುಕೊಂಡನು. ಆ ಗಳಿಗೆಯಿಂದ ಸಾವಿರಾರು ತಂತ್ರಾಂಶಗಳ ಕೆಲಸ ಕೆಟ್ಟಿತು. ಅದನ್ನು ಮರಳಿ ಇರಿಸಿದ ಮೇಲೆಯೇ ಎಲ್ಲವೂ ಸರಿಹೋಯಿತು. ದೊಡ್ಡದು ಚಿಕ್ಕದನ್ನು ಹಿಡಿದು ತೂಗುತ್ತಿತ್ತು. ಆ ಎಳೆ ಕಡಿಯುವ ತನಕ ಬಹಳ ಮಂದಿಗೆ ಅದು ತಿಳಿದೇ ಇರಲಿಲ್ಲ.

ತಂತ್ರಾಂಶಕ್ಕೆ ಸಲ್ಲುವ ಮಾತು ನಗರಕ್ಕೂ ಸಲ್ಲುತ್ತದೆ. ಬೆಂಗಳೂರಿನ ನಲ್ಲಿಗಳಲ್ಲಿ ಹರಿಯುವ ಕಾವೇರಿ ನೀರು ಸುಮಾರು ೧೦೦ ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಸುಮಾರು ೫೦೦ ಮೀಟರು ಎತ್ತರಕ್ಕೆ ಏರಿ ಬರುತ್ತದೆ. ೨೦೨೪ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಎತ್ತರದ ಮಹಡಿಗಳಲ್ಲಿದ್ದವರೂ ಟ್ಯಾಂಕರಿನ ದಾರಿ ಕಾಯಬೇಕಾಯಿತು. ೨೦೨೦ರಲ್ಲಿ ಕೊರೋನಾ ರೋಗದ ನಿಮಿತ್ತ ಎಲ್ಲ ಕೆಲಸಗಳೂ ನಿಂತಾಗ, ಹೊರರಾಜ್ಯಗಳ ಕಾರ್ಮಿಕರು ತಮ್ಮ ಊರುಗಳಿಗೆ ಹೊರಟರು. ಕಟ್ಟಡದ ಕೆಲಸಗಳು ಮತ್ತೆ ಆರಂಭವಾಗಬೇಕಿದ್ದುದರಿಂದ, ಮೇ ತಿಂಗಳ ಮೊದಲ ವಾರದಲ್ಲಿ ರಾಜ್ಯ ಸರ್ಕಾರವು ಅವರ ವಿಶೇಷ ರೈಲುಗಳನ್ನು ನಿಲ್ಲಿಸಲು ಮುಂದಾಯಿತು. ಟೀಕೆಗಳು ಬಂದ ಮೇಲೆ ಆ ನಿರ್ಧಾರವನ್ನು ಕೈಬಿಟ್ಟಿತು. ಕೂಲಿಗಾಗಿ ನಗರವನ್ನು ಆಶ್ರಯಿಸಿದವರೆಂದು ಎಲ್ಲರೂ ತಿಳಿದಿದ್ದ ಜನರನ್ನು ನಗರವೇ ಅವಲಂಬಿಸಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮನೆಯೊಳಗೂ ಇದೇ ವಿಪರ್ಯಾಸವಿದೆ. ಅರ್ಜಿಗಳಲ್ಲಿ 'ಅವಲಂಬಿತರು' ಎಂಬ ಅಂಕಣವಿರುತ್ತದೆ. ಸಂಬಳ ತರುವವನು ಅಲ್ಲಿ ತನ್ನ ತಾಯಿಯ ಅಥವಾ ಹೆಂಡತಿಯ ಹೆಸರನ್ನು ಬರೆಯುತ್ತಾನೆ. ಜನಗಣತಿಯೂ ಮನೆಗೆಲಸವನ್ನು ಮಾತ್ರ ಮಾಡುವವರನ್ನು ದುಡಿಮೆಗಾರರ ಸಾಲಿಗೆ ಸೇರಿಸುವುದಿಲ್ಲ. ನಸುಕಿನಲ್ಲೆದ್ದು ಬುತ್ತಿ ಕಟ್ಟುವ, ಮಗುವನ್ನು ನೋಡಿಕೊಳ್ಳುವ, ಹಾಸಿಗೆ ಹಿಡಿದ ಹಿರಿಯರನ್ನು ಉಪಚರಿಸುವ ಆ ಕೈಗಳು ಒಂದು ದಿನ ನಿಂತರೆ ಸಂಬಳ ತರುವವನ ಕೆಲಸವೂ ನಿಲ್ಲುತ್ತದೆ. ಹಣದ ಲೆಕ್ಕದಲ್ಲಿ ಆಕೆ ಅವಲಂಬಿತೆ. ಬಾಳಿನ ಲೆಕ್ಕದಲ್ಲಿ ಅವನೇ ಅವಲಂಬಿತ. ಅರ್ಜಿಯ ಅಂಕಣವು ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ.

ಹಾಗಾದರೆ ಸ್ವಾವಲಂಬನೆ ಬೇಡವೆ? ಖಂಡಿತವಾಗಿಯೂ ಬೇಕು. ತನ್ನಿಂದಾಗುವ ಕೆಲಸವನ್ನು ಪರರ ಮೇಲೆ ಹೊರಿಸುವುದು ಬಂದಳಿಕೆಯ ಬಾಳು. ಆದರೆ ತನ್ನ ಪಾಲಿನ ದುಡಿಮೆಯನ್ನು ತಾನು ಸಲ್ಲಿಸುವುದೇ ಸ್ವಾವಲಂಬನೆಯೇ ಹೊರತು, ಯಾರ ಹಂಗೂ ತನಗಿಲ್ಲವೆಂದು ಬೀಗುವುದಲ್ಲ. ಏರಿದ ಏಣಿಯನ್ನು ಒದೆಯಬಾರದೆಂದು ಹಿರಿಯರು ಹೇಳುತ್ತಾರೆ. ಏಣಿಯೇ ಇರಲಿಲ್ಲವೆನ್ನುವುದು ಅದಕ್ಕಿಂತಲೂ ದೊಡ್ಡ ಕೃತಘ್ನತೆ. ತಂತ್ರಾಂಶವನ್ನು ಬರೆಯುವವನು ತನ್ನ ಆಧಾರಗಳನ್ನು ಪಟ್ಟಿ ಮಾಡುವಂತೆ ಪ್ರತಿಯೊಬ್ಬನೂ ತನ್ನ ಬಾಳಿನ ಆಧಾರಗಳನ್ನು ಗುರುತಿಸಬೇಕು. ಗುರುತಿಸಿದ ಮೇಲೆ ಅವುಗಳಿಗೆ ಸಲ್ಲಬೇಕಾದ ಕೂಲಿಯನ್ನೂ ಗೌರವವನ್ನೂ ಸಲ್ಲಿಸಬೇಕು. ಅವಲಂಬಿಸುವುದು ದೋಷವಲ್ಲ, ಅವಲಂಬಿಸಿದುದನ್ನು ಮರೆಯುವುದೇ ದೋಷ.