ಪಾಣಿಪತದ ಪಾಠ

"ಮೊದಲನೆಯ ಪಾಣಿಪತ ಕದನದ ಕಾರಣಗಳನ್ನೂ ಪರಿಣಾಮಗಳನ್ನೂ ವಿವರಿಸಿ" ಎಂಬ ಪ್ರಶ್ನೆಯನ್ನು ಎದುರಿಸದೆ ಶಾಲೆಯ ಮೆಟ್ಟಿಲಿಳಿದವರು ನಮ್ಮಲ್ಲಿ ವಿರಳ. ಉತ್ತರವೂ ಎಲ್ಲರಿಗೆ ಕಂಠಸ್ಥ: ಬಾಬರನ ಬಳಿ ಫಿರಂಗಿಗಳಿದ್ದವು, ಇಬ್ರಾಹಿಂ ಲೋದಿಯ ಬಳಿ ಆನೆಗಳಿದ್ದವು, ಫಿರಂಗಿ ಗೆದ್ದಿತು, ಮೊಗಲ್ ಸಾಮ್ರಾಜ್ಯ ಹುಟ್ಟಿತು. 1526ರ ಏಪ್ರಿಲಿನಿಂದ 2026ರ ಏಪ್ರಿಲಿಗೆ ಐದು ಶತಮಾನಗಳು. ಇಷ್ಟು ದೀರ್ಘಕಾಲ ಒಪ್ಪಿಸುತ್ತ ಬಂದಿರುವ ಈ ಉತ್ತರವನ್ನು ಒಮ್ಮೆಯಾದರೂ ತೂಗಿ ನೋಡುವುದು ಅನುಚಿತವಾಗಲಾರದು.

ಫಿರಂಗಿ ಕೆಲಸ ಮಾಡಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದಕ್ಕಿಂತ ಮೊದಲು ಕೆಲಸ ಮಾಡಿದ್ದು ತಾಳ್ಮೆ. ಬಾಬರನು ತನ್ನ ಬಲಭಾಗಕ್ಕೆ ಪಾಣಿಪತ ಊರಿನ ಮನೆಗಳನ್ನೇ ಆಸರೆಯಾಗಿ ಮಾಡಿಕೊಂಡನು. ಎಡಕ್ಕೆ ಕಂದಕ ತೋಡಿಸಿ, ಮರದ ಕೊಂಬೆಗಳನ್ನು ಕಡಿದು ಹಾಕಿಸಿದನು. ನಡುವೆ ಸುಮಾರು 700 ಗಾಡಿಗಳನ್ನು ಹಸಿದೊಗಲಿನ ಹಗ್ಗಗಳಿಂದ ಬಿಗಿಸಿ, ಅವುಗಳ ಮರೆಯಲ್ಲಿ ಕೋವಿಯವರನ್ನು ನಿಲ್ಲಿಸಿದನು. ರಾವುತರು ಹೊರಕ್ಕೆ ನುಗ್ಗಲೆಂದು ಅಲ್ಲಲ್ಲಿ ತೆರವು ಬಿಡಿಸಿದನು. ಹೀಗೆ ಅಣಿಯಾಗಿ ಒಂದು ವಾರ ಕಾದನು. ಕೊನೆಗೆ ಇಬ್ರಾಹಿಮನ ಸೇನೆ ಮುನ್ನುಗ್ಗಿ ಬಂದಾಗ ಎರಡೂ ಪಕ್ಕಗಳಿಂದ ಕುದುರೆಯ ದಳಗಳು ಸುತ್ತಿ ಬಂದು ಅದರ ಬೆನ್ನಿಗೆ ಬಿದ್ದವು. ಹೊತ್ತು ಏರಿದಾಗ ತೊಡಗಿದ ಕಾಳಗ ನಡುಹಗಲಿಗೆ ಮುಗಿಯಿತು. ಸುಲ್ತಾನನು ಓಡಿಹೋಗಲಿಲ್ಲ, ತನ್ನವರ ಹೆಣಗಳ ನಡುವೆ ತಾನೂ ಹೆಣವಾಗಿ ಬಿದ್ದಿದ್ದನು.

ಹಾಗಾದರೆ ದೆಹಲಿ ಬಿದ್ದದ್ದು ಆ ಒಂದು ಹಗಲಿನಲ್ಲಿಯೇ? ಅಲ್ಲ. ಪಂಜಾಬಿನ ಅಧಿಕಾರಿ ದೌಲತ್ ಖಾನ್ ಲೋದಿ ಬಾಬರನಿಗೆ ಕರೆ ಕಳುಹಿಸಿದಾಗಲೇ, ಸುಲ್ತಾನನ ಸ್ವಂತ ಚಿಕ್ಕಪ್ಪ ಆಲಂ ಖಾನ್ ಕಾಬೂಲಿನ ನೆರವನ್ನು ಬೇಡಿದಾಗಲೇ ಆ ಕೋಟೆಯಲ್ಲಿ ಬಿರುಕು ಬಿಟ್ಟಿತ್ತು. ಗಾಡಿಗಳನ್ನು ಬಿಗಿದ ಹಗ್ಗ ಬಾಬರನ ಕಡೆ ಇತ್ತು. ಮನಸ್ಸುಗಳನ್ನು ಬಿಗಿಯುವ ಹಗ್ಗ ಇಬ್ರಾಹಿಮನ ಕಡೆ ಇರಲಿಲ್ಲ.

ಗೆದ್ದ ಮೇಲಿನ ಕಥೆ ಇನ್ನೂ ಹೆಚ್ಚು ಮನನೀಯ. ಆ ಬೇಸಗೆಯ ಬಿಸಿಲಿಗೆ ಬೆಂದ ಸರದಾರರು ಕಾಬೂಲಿಗೆ ಮರಳೋಣವೆಂದು ಹಟ ಹಿಡಿದರು. ಆಪ್ತನಾದ ಖ್ವಾಜಾ ಕಲಾನನೇ ಹೊರಟುಬಿಟ್ಟನು. ಈ ನಾಡಿನಲ್ಲಿ ಒಳ್ಳೆಯ ದ್ರಾಕ್ಷಿಯಿಲ್ಲ, ಕರಬೂಜವಿಲ್ಲ, ತಣ್ಣೀರಿಲ್ಲ ಎಂದು ದೂರಿದ ಬಾಬರನೇ ಇಲ್ಲಿ ನಿಲ್ಲುವ ನಿರ್ಧಾರ ಮಾಡಿದನು. ಯಮುನೆಯ ದಡದಲ್ಲಿ ತೋಟ ಹಾಕಿಸಿದನು. ಲೂಟಿಯ ದಂಡು ರಾಜ್ಯವಾಗಿ ಮಾರ್ಪಟ್ಟದ್ದು ಈ ನಿರ್ಧಾರದಿಂದ. ಆಗಲೂ ಸಾಮ್ರಾಜ್ಯ ನೆಲೆಯೂರಿತೆನ್ನಲಾಗದು. 1527ರಲ್ಲಿ ಖಾನ್ವಾದಲ್ಲಿ ರಾಣಾ ಸಂಗನನ್ನು ಎದುರಿಸಬೇಕಾಯಿತು. 1540ರಲ್ಲಿ ಹುಮಾಯೂನನು ಶೇರ್ ಶಹನಿಗೆ ಸೋತು ಎಲ್ಲವನ್ನೂ ಕಳೆದುಕೊಂಡನು. 1556ರಲ್ಲಿ ಅದೇ ಪಾಣಿಪತದಲ್ಲಿ, ಬಾಲಕ ಅಕ್ಬರನ ಹೆಸರಿನಲ್ಲಿ, ಮತ್ತೆ ಕಾದಬೇಕಾಯಿತು. ಅಕ್ಬರನ ಸುದೀರ್ಘ ಆಡಳಿತವಿಲ್ಲದಿದ್ದರೆ 1526 ನಾಲ್ಕು ವರ್ಷ ಬಾಳಿದ ಒಬ್ಬ ಸಾಹಸಿಗನ ಕಥೆಯಾಗಿ ಉಳಿಯುತ್ತಿತ್ತು.

ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ನಾವು ಮೇಲೆ ಹೇಳಿದ ಗಾಡಿ, ಕಂದಕ, ಹೊತ್ತು ಎಲ್ಲವೂ ಬಾಬರನೇ ತನ್ನ ತಾಯ್ನುಡಿಯಾದ ಚಗತಾಯಿ ತುರ್ಕಿಯಲ್ಲಿ ಬರೆದಿಟ್ಟ ಆತ್ಮಕಥೆಯಿಂದ ಬಂದವು. ತನ್ನ ಕಡೆ 12,000 ಜನ, ಎದುರಾಳಿಯ ಕಡೆ ಒಂದು ಲಕ್ಷ ಎಂದವನು ಅವನೇ. ಅದು ಸೊಗಸಾದ ಗ್ರಂಥ. ತನ್ನ ಸೋಲುಗಳನ್ನೂ ಕುಡಿತವನ್ನೂ ಮುಚ್ಚಿಡದ ಅಪೂರ್ವ ಬರವಣಿಗೆ. ಆದರೂ ಲೇಖನಿ ಗೆದ್ದವನದೇ. ಸೋತವನಿಗೆ ಪುಸ್ತಕವಿಲ್ಲ, ಪಾಣಿಪತದಲ್ಲಿ ಒಂದು ಗೋರಿಯಿದೆ. ಆ ಸುಲ್ತಾನನ ಪಕ್ಷದಲ್ಲಿ ಕಾದಿ ಮಡಿದವರಲ್ಲಿ ಗ್ವಾಲಿಯರಿನ ರಾಜ ವಿಕ್ರಮಾದಿತ್ಯನೂ ಇದ್ದನೆಂಬುದನ್ನು ನೆನೆದರೆ, ಈ ಕದನವನ್ನು ಎರಡು ಮತಗಳ ಹೋರಾಟವೆಂದು ಸರಳಗೊಳಿಸುವವರ ಮಾತು ಎಷ್ಟು ಟೊಳ್ಳೆಂಬುದು ತಿಳಿಯುತ್ತದೆ.

ಕನ್ನಡಿಗರಿಗೆ ಆ ಗ್ರಂಥದಲ್ಲಿ ಮತ್ತೊಂದು ಸ್ವಾರಸ್ಯವುಂಟು. ಹಿಂದೂಸ್ಥಾನದ ಅರಸರನ್ನು ಎಣಿಸುವಾಗ ಬಾಬರನು, ಮುಸ್ಲಿಮೇತರ ದೊರೆಗಳಲ್ಲಿ ನಾಡಿನ ವಿಸ್ತಾರದಿಂದಲೂ ಸೈನ್ಯದ ಬಲದಿಂದಲೂ ವಿಜಯನಗರದ ಅರಸನೇ ಹಿರಿಯನೆಂದಿದ್ದಾನೆ. ಆಗ ಹಂಪೆಯಲ್ಲಿ ಆಳುತ್ತಿದ್ದವನು ಕೃಷ್ಣದೇವರಾಯ. ಪಾಣಿಪತದ ಮರುದಿನ ಭಾರತವೆಲ್ಲ ಮೊಗಲರದಾಗಲಿಲ್ಲವೆಂಬುದಕ್ಕೆ ವಿಜಯಿಯ ಕೈಬರಹಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಇಸವಿಗಳನ್ನು ಕಲಿಸುವುದು ಬೇಡವೆಂದು ನಾವು ಹೇಳುತ್ತಿಲ್ಲ. ಇಸವಿ ಗೂಟವಿದ್ದಂತೆ, ಆದರೆ ಗೂಟವನ್ನೇ ಹಸುವೆಂದು ಮಕ್ಕಳಿಗೆ ತೋರಿಸಬಾರದು. ಯಾರು ಹೇಳಿದರು, ಯಾರು ಹೇಳಲಾರದೆ ಹೋದರು, ಗೆದ್ದ ಮರುದಿನ ಯಾರು ಏನು ಮಾಡಿದರು ಎಂದು ತರಗತಿಯಲ್ಲಿ ಒಬ್ಬ ಹುಡುಗಿ ಎದ್ದುನಿಂತು ಕೇಳಿದರೆ, ಆ ದಿನದ ಪಾಠ ಸಾರ್ಥಕವಾಯಿತೆಂದು ಉಪಾಧ್ಯಾಯರು ಧಾರಾಳವಾಗಿ ಭಾವಿಸಬಹುದು.